ಹೆಸರು ಕೆತ್ತಿದ ಲೋಟಗಳು

ಅವ್ವನ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ಬೂದಿ, ಹುಣಸೆಹಣ್ಣು, ಬಿಸಿನೀರು ಸೇರಿ ಗೆರೆಗಳನ್ನೆಲ್ಲ ತಿಂದುಹಾಕಿದ್ದವು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ಆಕೆ ನನ್ನ ತಾಯಿಯಲ್ಲ; ಸರಗೂರು ಬಸ್ ನಿಲ್ದಾಣದ ಪಕ್ಕ ಕಾಫಿ ಅಂಗಡಿ ಇಟ್ಟಿದ್ದವಳು. ಊರಿಗೆಲ್ಲ ಅವ್ವ.

ಆ ಅಂಗಡಿ ನನಗೆ ಮಂಜಿನೊಳಗೇ ಕಾಣುತ್ತದೆ. ಕಪಿಲೆಯ ಕಡೆಯಿಂದ ಬಂದ ಮಂಜು, ಹಾಲಿನ ಹಬೆ, ನಡುವೆ ತೇಲಿದಂತೆ ಹೊಳೆಯುವ ಲೋಟಗಳು. ಬೇಸಿಗೆಯಲ್ಲೂ ಹೋಗಿದ್ದಿರಬೇಕು, ನೆನಪು ಬೇಸಿಗೆಯನ್ನು ಇಟ್ಟುಕೊಂಡಿಲ್ಲ.

ಕೊರೋನಾ ಬಂದ ಮೇಲೆ ಎಲ್ಲ ಕಡೆ ಪೇಪರ್ ಕಪ್ ಆಯಿತು. ಅವ್ವ ಒಪ್ಪಲಿಲ್ಲ. ಭಯವಿದ್ದವರು ಮನೆಯಿಂದ ಲೋಟ ತಂದಿಡಿ, ತೊಳೆದು ಅದರಲ್ಲೇ ಕೊಡುತ್ತೇನೆ ಎಂದಳು. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಬಂದ ಸ್ಟೀಲ್ ಲೋಟಗಳು ಬಂದವು; ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು. ದೊಡ್ಡಪ್ಪ ತಂದಿಟ್ಟ ಲೋಟದ ಮೇಲೆ ನನ್ನ ಅಜ್ಜಿಯ ಹೆಸರಿತ್ತು.

ಮೈಸೂರಿನಲ್ಲಿ ಎಂ.ಎ. ಮುಗಿಸಿದ್ದ ನಾನು, ಇದರಿಂದ ಕಸ ಎಷ್ಟು ಕಡಿಮೆಯಾಗುತ್ತದೆಂದು ಅವ್ವನಿಗೆ ವಿವರಿಸಿದೆ.

"ಅಷ್ಟ್ ಓದಿ ಕಸದ್ ಇಚಾರ ಕಲ್ತ್ಯಾ ಮಗಾ?" ಎಂದು ನಕ್ಕಳು.

ಪೇಪರ್ ಕಪ್ಪಿನಿಂದ ನಮ್ಮವರಿಗೆ ಇನ್ನೊಂದು ಅನುಕೂಲವಿತ್ತು. ಯಾರ ಎಂಜಲು ಲೋಟ ಯಾರ ಕೈಗೆ ಬಂತು ಎಂದು ಕೇಳಬೇಕಾಗಿರಲಿಲ್ಲ. ಅದು ನನಗೆ ಗೊತ್ತಿತ್ತು, ಹೇಳಲಿಲ್ಲ.

ಒಂದು ಬೆಳಿಗ್ಗೆ, ನಮ್ಮ ಗದ್ದೆಯಲ್ಲಿ ಕೂಲಿ ಮಾಡುವ ಕೆಳಗಿನ ಕೇರಿಯ ಮುದುಕ ಅಜ್ಜಿಯ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ. ದೊಡ್ಡಪ್ಪ ಒಳಗೆ ಬಂದವರು ನಿಂತುಬಿಟ್ಟರು.

"ಅದು ನಮ್ಮವ್ವನ್ ಲೋಟ ಕಣಮ್ಮಿ."

"ನಂಗ್ ಓದಾಕ್ ಬಂದದಾ ಗೌಡ್ರೆ? ತೊಳ್ದಿದ್ದು ಕೈಗ್ ಸಿಕ್ತು, ಕೊಟ್ಟೆ. ಬಿಸ್ನೀರ್‌ಗೆ ಯಾರೆಸ್ರೂ ಗೊತ್ತಾಗಾಕಿಲ್ಲ ಬುಡಿ."

ಬೆಂಚಿನ ಮೇಲಿದ್ದವರೆಲ್ಲ ದೊಡ್ಡಪ್ಪನ ಕಡೆಯವರು. ಅವರು ಹೊರಟರೆ ಇವರೂ ಹೊರಡುತ್ತಾರೆ, ಅಂಗಡಿ ನಿಲ್ಲುತ್ತದೆ. ಅದು ಅವ್ವನಿಗೂ ಗೊತ್ತಿತ್ತು. ಎದ್ದು ನಿಂತಿದ್ದ ಮುದುಕನಿಗೆ, "ಕುಂತ್ಕಂಡು ಕುಡಿ" ಎಂದಳು. ಮುದುಕನ ಮನೆಯಿಂದ ಬಂದಿದ್ದ, ಅವನ ಹೆಂಡತಿಯ ಹೆಸರಿದ್ದ ಲೋಟಕ್ಕೆ ಕಾಫಿ ಸುರಿದು ದೊಡ್ಡಪ್ಪನ ಮುಂದಿಟ್ಟಳು. ಅವರು ಹೆಸರು ನೋಡಿದರು. ಕುಡಿಯದೆ ಹೊರಟರು. ಬೆಂಚು ಖಾಲಿಯಾಯಿತು.

ಆ ಕಾಫಿಯನ್ನು ನಾನು ಎತ್ತಿ ಕುಡಿದೆ ಎಂದು ನನ್ನ ನೆನಪು ಹೇಳುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ನನ್ನನ್ನು ಅದು ತೀರಾ ಒಳ್ಳೆಯವನನ್ನಾಗಿ ತೋರಿಸುತ್ತದೆ. ದೊಡ್ಡಪ್ಪನ ಹಿಂದೆಯೇ ಎದ್ದು ಹೋಗಿರಲೂಬಹುದು.

ಕೆಲವು ತಿಂಗಳು ಆ ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ಆಮೇಲೆ ಕೆಳಗಿನ ಕೇರಿಯವರು, ಬಸ್ಸಿನವರು, ಕೊನೆಗೆ ಹಳಬರಲ್ಲೂ ಕೆಲವರು ಬಂದರು. ದೊಡ್ಡಪ್ಪ ಬರಲಿಲ್ಲ. ಅಜ್ಜಿಯ ಲೋಟವನ್ನು ಮಾತ್ರ ಅವ್ವ ದಿನವೂ ತೊಳೆದು ಬೋರಲು ಹಾಕುತ್ತಿದ್ದಳು.

ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ಮಗಳು ಲೋಟಗಳನ್ನು ಅವರವರ ಮನೆಗೆ ಹಿಂದಿರುಗಿಸುತ್ತಿದ್ದಳು. ಪಾಪ, ಹೆಸರು ಓದಲು ಬಾರದೆ ಲೋಟ ಅದಲುಬದಲಾಗಿ ಅವ್ವ ಅಂದು ಎಷ್ಟು ಕಷ್ಟಪಟ್ಟಳು ಎಂದೆ.

ಅವಳು ನನ್ನನ್ನೇ ನೋಡಿದಳು. "ಯಾರೇಳುದ್ರಣ್ಣ? ನಮ್ಮವ್ವ ನಾಕ್ನೇ ಕ್ಲಾಸ್ ಗಂಟ ಓದಿದ್ಲು. ದಿನಾ ಪೇಪರ್ ಓದೋಳು."

ಮುದುಕನ ಲೋಟವನ್ನು ನಾನೇ ತಲುಪಿಸುತ್ತೇನೆಂದು ಇಸಿದುಕೊಂಡೆ. ಅವನ ಮನೆಯ ಜಗಲಿಯಲ್ಲಿ ಕೂತು ಅದರಲ್ಲೇ ಕಾಫಿ ಕೇಳಿ ಕುಡಿದೆ. ಇದು ನೆನಪಲ್ಲ. ಅಂದೇ ಬರೆದಿಟ್ಟಿದ್ದೇನೆ.