ಚೋಕಿಗೆ ನೇತುಹಾಕಿದ ಚೀಲ

ಮನುಷ್ಯನ ಪತನಕ್ಕೆ ಅಹಂಕಾರವೇ ಮೂಲವೆಂದು ತಿಳಿದವರು ಹೇಳುತ್ತಾರೆ. ನನ್ನ ಪತನಕ್ಕೆ ಊಟದ ಡಬ್ಬಿಯ ಚೀಲವೊಂದು ಸಾಕಾಯಿತು.

ಇಳಕಲ್ಲಿನ ಮನೆಯಿಂದ ಹುನಗುಂದದ ಶಾಲೆಗೆ ಪಾಠ ಹೇಳಲು ನಾನು ಈಗಲೂ ಹಳೆಯ ಕಾರಿನಲ್ಲೇ ಹೋಗುವವನು. ಕಳೆದ ವರ್ಷ ಅದು ಕರಿ ಹೊಗೆ ಉಗುಳತೊಡಗಿತು. ಪೆಟ್ರೋಲನ್ನು ಕುಡಿಯುತ್ತಿರಲಿಲ್ಲ, ಅಭಿಷೇಕ ಮಾಡಿಕೊಳ್ಳುತ್ತಿತ್ತು. ಹುನಗುಂದದ ಗಾಡಿ ಮಿಸ್ತ್ರಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಊದಿ ಜೋಡಿಸಿದರು. ಆಮೇಲೆ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿದರು. ಆ ಕಿವಿಗೆ ಹೆಸರಿತ್ತು. ಬಾಗಲಕೋಟೆಯಿಂದಲೂ ಹಳೆಯ ಗಾಡಿಗಳು ಬರುತ್ತಿದ್ದವು.

"ಗಡಿಯಾರದಂಗ ನಡೀತೈತಿ ನೋಡ್ರಿ ಸರ, ಒಯ್ರಿ."

ಮರುದಿನ ಮತ್ತೆ ಹೊಗೆ. ಹೀಗೆ ಮೂರು ಸಲ. ಅವರ ಅಂಗಡಿಯಲ್ಲಿ ಗಡಿಯಾರ, ನನ್ನ ದಾರಿಯಲ್ಲಿ ಹಸಿ ಕಟ್ಟಿಗೆಯ ಒಲೆ.

ಮೂರನೆಯ ಸಲ ಗಿರಾಕಿಗಳ ಎದುರಿಗೇ ಅಂದೆ: "ಮಿಸ್ತ್ರಿ, ಮದ್ಲ ನಿಮ್ಮ ಕಿವಿ ಬಿಚ್ಚಿ ತೊಳೀರಿ. ಆಮ್ಯಾಲ ನನ್ನ ಗಾಡಿ."

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಈ ಸಲ ಇಂಜಿನ್ನಿನ ಸದ್ದು ಕೇಳಲು ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲಿದ್ದ ಗಿರಾಕಿಯನ್ನು ಕೇಳಿದರು: "ನಿಮಗ ಹೆಂಗ ಕೇಳಸ್ತೈತ್ರಿ?"

ತಿಂಗಳ ನಂತರ ಬಾದಾಮಿಗೆ ಹೋಗುವಾಗ, ಬನಶಂಕರಿಯ ಹತ್ತಿರ ಉಣ್ಣಲು ನಿಂತೆ. ಕಾಲ ಬಳಿ ಅನ್ನ ಇಡಬಾರದು, ಸೀಟಿನ ಮೇಲಿಟ್ಟರೆ ಪಲ್ಯ ಚೆಲ್ಲುತ್ತದೆ. ಹಾಗಾಗಿ ಚೀಲವನ್ನು ನಾನು ಯಾವಾಗಲೂ ಸ್ಟೇರಿಂಗಿನ ಬಳಿಯ ಚೋಕಿನ ಗುಂಡಿಗೆ ನೇತುಹಾಕುತ್ತಿದ್ದೆ. ಚೋಕು ಎಳೆದರೆ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಹೋಗುತ್ತದೆ, ಹಾಗೇ ಬಿಟ್ಟರೆ ಕರಿ ಹೊಗೆ. ಅದನ್ನು ಎಳೆಯುವುದು ಬೆಳಗಿನ ಚಳಿಯಲ್ಲಿ ಗಾಡಿ ಚಾಲೂ ಮಾಡಲು ಮಾತ್ರ. ಅವತ್ತು ಚೀಲ ತೆಗೆಯುವಾಗ ನೋಡಿದೆ: ರಸ್ತೆಯ ಕುಲುಕಿಗೆ, ಚೀಲದ ಭಾರಕ್ಕೆ ಗುಂಡಿ ಎರಡು ಬೆರಳು ಹೊರಗೆ ಬಂದಿತ್ತು. ಅಂಗಡಿಗೆ ಹೋದಾಗಲೆಲ್ಲ ನಾನು ಚೀಲ ಹಿಡಿದು ಇಳಿಯುತ್ತಿದ್ದೆ. ಮಿಸ್ತ್ರಿ ರೂಢಿಯಂತೆ ಗುಂಡಿ ಒಳಗೆ ಒತ್ತಿ, ಕಿವಿಗೆ ಕೇಳಿದ್ದನ್ನೇ ಹೇಳುತ್ತಿದ್ದರು.

ಕೂಡಲೇ ಹೋಗಿ ಹೇಳಬೇಕಿತ್ತು. ಆ ವಾರ ಪರೀಕ್ಷೆ, ಮುಂದಿನ ವಾರ ನೆಗಡಿ. ಅಂಗಡಿಯ ಮುಂದೆ ಹಾರ್ನ್ ಹಾಕದೆ ದಾಟುತ್ತಿದ್ದೆ. ಕೊನೆಗೊಂದು ದಿನ ಹೋಗಿ ಎಲ್ಲ ಒಪ್ಪಿಕೊಂಡೆ.

"ತಪ್ಪು ನಂದು ಮಿಸ್ತ್ರಿ. ನಿಮ್ಮ ಕಿವಿ ಬರೋಬರಿ ಇತ್ತು."

ಅವರು ಕೇಳಿದರು: "ಚೀಲದಾಗ ಏನಿರ್ತಿತ್ರಿ?"

"ರೊಟ್ಟಿ, ಪಲ್ಯ, ಮೊಸರು."

"ಮೊಸರಿನ ಭಾರ ಇರಬೇಕು ಬಿಡ್ರಿ." ನಕ್ಕರು. "ಆದರ ಕಿವಿ ಕೆಟ್ಟಾವ ಅಂತ ತಿಳದು, ಕಾರ್ಬೊರೇಟರ್ ಬಿಚ್ಚೂ ಸಾಮಾನೆಲ್ಲಾ ಬಾಗಲಕೋಟಿ ಅಳಿಯಗ ಕೊಟ್ಟುಬಿಟ್ಟೀನಲ್ರಿ ಸರ."

"ವಾಪಸ್ ತರಸ್ರಿ."

"ಕೊಟ್ಟಿದ್ದು ಹೆಂಗ ಕೇಳೂದ್ರಿ? ಇರ್ಲಿ, ಚಾ ಕುಡೀರಿ."

ಕುಡಿದೆ. ಅವರು ಬೈದಿದ್ದರೆ ಆ ಚಾ ಸಲೀಸಾಗಿ ಇಳಿಯುತ್ತಿತ್ತೇನೋ.

ಕಾರು ಈಗ ಹೊಗೆ ಬಿಡುವುದಿಲ್ಲ. ಆ ಅಂಗಡಿಯಲ್ಲಿ ಪಂಕ್ಚರ್ ಕೆಲಸ ಮಾತ್ರ ನಡೆಯುತ್ತದೆ.