ಉಪ್ಪಣ್ಣನ ನಾಲಿಗೆ

ಲಾಯದಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವನು ಉಪ್ಪಣ್ಣ. ಓಡಿ ಬಂದ ಕುದುರೆಯ ಕುತ್ತಿಗೆಯ ಬೆವರನ್ನು ಬೆರಳಲ್ಲಿ ಒರೆಸಿ, ನಾಲಿಗೆಗೆ ಮುಟ್ಟಿಸಿ, ಅದರ ನೀರಿಗೆ ಎಷ್ಟು ಉಪ್ಪು ಬೆರೆಸಬೇಕೆಂದು ಹೇಳಿಬಿಡುತ್ತಿದ್ದ. "ಥೂ, ಹೊಟ್ಟೆ ತೊಳಸಲ್ವಾ?" ಎಂದವರಿಗೆ, "ನಿಮ್ಮ ಆಫೀಸಿನ ಟೀಗಿಂತ ವಾಸಿ" ಎನ್ನುತ್ತಿದ್ದ. ಕುದುರೆಯ ಬೆವರಿನಲ್ಲಿ ನಮ್ಮದಕ್ಕಿಂತ ಉಪ್ಪು ಹೆಚ್ಚು. ಅದು ಹರಿದುಹೋದರೆ ಮೈ ಒಣಗಿದ್ದರೂ ಕುದುರೆಗೆ ಬಾಯಾರಿಕೆಯೇ ಆಗದು. ಉಪ್ಪುನೀರಿನ ಪಕ್ಕದಲ್ಲಿ ಬರೀ ನೀರಿನ ಬಕೆಟ್ ಕೂಡ ಇಡು ಎಂದು ಕುದುರೆ ಡಾಕ್ಟರು ಬಡಿದುಕೊಂಡರೂ ಇಡುತ್ತಿರಲಿಲ್ಲ. ಎರಡು ಬಕೆಟ್ ಇಡುವುದು ಅಳತೆ ಬಾರದವರ ಕೆಲಸ ಎಂಬ ಜಂಬ. ಇಪ್ಪತ್ತೆಂಟು ವರ್ಷ ಆ ಜಂಬ ನಡೆಯಿತು, ಸುಳ್ಳೇಕೆ ಹೇಳಲಿ.

ಇಪ್ಪತ್ತೊಂಬತ್ತನೇ ವರ್ಷ ಜ್ವರ ಬಂದು ಹನ್ನೆರಡು ದಿನ ಮಲಗಿದ. ಜ್ವರ ಹೋಗುವಾಗ ಬಾಯಿರುಚಿಯನ್ನೂ ಕರೆದುಕೊಂಡು ಹೋಯಿತು. ಹೆಂಡತಿ ಅಡುಗೆಗೆ ಉಪ್ಪು ಮರೆತ ದಿನ ತುಟಿಪಿಟಕ್ಕೆನ್ನದೆ ಎರಡು ಸಲ ಬಡಿಸಿಕೊಂಡ. ಅವಳಿಗೆ ಗುಟ್ಟು ತಿಳಿದುಹೋಯಿತು.

"ಲಾಯದ ಯಜಮಾನರಿಗೆ ಹೇಳಿಬಿಡ್ರೀ."

"ಏನಂತ? ನಾಲಿಗೆ ಸತ್ತಿರೋ ಉಪ್ಪಣ್ಣ ಅಂತಾನಾ? ಮಾರನೇ ದಿನಾನೇ ಮನೆಗೆ ಕಳಿಸ್ತಾರೆ."

ಬೆವರು ನೆಕ್ಕುವ ನಾಟಕ ಮುಂದುವರಿಯಿತು. ಉಪ್ಪು ಕೈಯಂದಾಜಿನಲ್ಲಿ ಬೀಳುತ್ತಿತ್ತು.

ಒಂದು ಬಿರುಬಿಸಿಲಿನ ದಿನ ಕಂದು ಹೆಣ್ಣುಕುದುರೆ ದೂರದ ಓಟ ಮುಗಿಸಿ ತೊಯ್ದು ತೊಪ್ಪೆಯಾಗಿ ಬಂತು. ತಾಯಿ ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಅವನೇ ಸಾಕಿದ ಕುದುರೆ. ಸವಾರಿ ಯಜಮಾನರ ಮಗಳದು; ಇಳಿದವಳು ಅಲ್ಲೇ ನಿಂತಿದ್ದಳು. ಉಪ್ಪಣ್ಣ ನೀರಿಗೆ ಉಪ್ಪು ಹಾಕಿ ನೆಕ್ಕಿ ನೋಡಿದ. ಸಪ್ಪೆ. ಗಾಬರಿಯಲ್ಲಿ ನಾಲಿಗೆ ಸತ್ತಿದ್ದು ಮರೆತು ಇನ್ನೊಂದು ಹಿಡಿ ಹಾಕಿದ. ಕುದುರೆ ಮೂತಿ ಅದ್ದಿ ತಿರುಗಿಸಿಕೊಂಡಿತು. ಉಪ್ಪು ಸಾಲದೆ ಬಾಯಾರಿಕೆ ಹುಟ್ಟಿಲ್ಲವೆಂದುಕೊಂಡು, ಉಪ್ಪನ್ನೇ ಗಟ್ಟಿಯಾಗಿ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಗೇ ಬಿಟ್ಟ. ಎರಡು ಸಲ. ನೀರು ಕುಡಿಯದ ಮೈಗೆ ಬರೀ ಉಪ್ಪು ಹೋದರೆ ಮೈಯಲ್ಲಿ ಉಳಿದ ನೀರನ್ನೂ ಅದು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಈ ಮಾತನ್ನು ಹೊಸಬರಿಗೆಲ್ಲ ಕಲಿಸಿದ್ದವನು ಅವನೇ.

ಸಂಜೆಗೆ ಕುದುರೆ ನೆಲಕ್ಕುರುಳಿ ಹೊರಳಾಡಿತು. ಡಾಕ್ಟರು ಬಂದು ಬಾಟಲಿ ಮೇಲೆ ಬಾಟಲಿ ಏರಿಸಿದರು. ಮಾರನೇ ದಿನ ಉಪ್ಪಣ್ಣನ ತೊಡೆಯ ಮೇಲೆ ತಲೆಯಿಟ್ಟು ಅದು ಸತ್ತಿತು. ಬಿಸಿಲಿನ ಹೊಡೆತ ಎಂದರು ಡಾಕ್ಟರು.

"ಅಷ್ಟು ಓಡಿಸಿದ್ದು ನಾನೇ. ನಾನೇ ಕೊಂದೆ," ಎಂದು ಹುಡುಗಿ ಗೋಡೆಗೆ ಹಣೆ ಚಚ್ಚಿಕೊಂಡಳು. ಅಪ್ಪ ಅಲ್ಲವೆನ್ನಲಿಲ್ಲ. ಉಪ್ಪಣ್ಣನೂ ಅನ್ನಲಿಲ್ಲ.

ನಾಲ್ಕನೇ ದಿನ ಅವಳು ಜೀನು ತಂದು ಗೂಟಕ್ಕೆ ನೇತುಹಾಕಿ, "ಇನ್ಮೇಲೆ ನಾನು ಹತ್ತಲ್ಲ, ಯಾರಿಗಾದ್ರೂ ಕೊಟ್ಬಿಡಿ" ಎಂದಳು. ಅವನಿಗೆ ತಡೆಯಲಾಗಲಿಲ್ಲ. ಜ್ವರ, ಸತ್ತ ನಾಲಿಗೆ, ಸಿರಿಂಜು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿಬಿಟ್ಟ. "ತಪ್ಪು ನಂದು ಕಣಮ್ಮ, ನಿಂದಲ್ಲ."

ಬೈಯುತ್ತಾಳೆಂದು ಕಾದ. ಹೊಡೆದರೂ ಆಗುತ್ತಿತ್ತು. ಅವಳು ಜೀನಿಗೆ ಅಂಟಿದ್ದ ಕಂದು ಕೂದಲನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಅವತ್ತು ಅದು ಮೂತಿ ತಿರುಗಿಸಿದಾಗ ನಾನೂ ಬಕೆಟ್ಟಿಗೆ ಬೆರಳದ್ದಿ ನೆಕ್ಕಿ ನೋಡಿದ್ದೆ, ಉಪ್ಪಣ್ಣ. ಬಾಯಿಗಿಡೋಕಾಗದಷ್ಟು ಉಪ್ಪಿತ್ತು. ನೀವು ಬೆರೆಸಿದ್ದು ತಪ್ಪಾಗಲ್ಲ ಅಂತ ಸುಮ್ಮನಾಗಿಬಿಟ್ಟೆ."