ನೀಲಿ ಬ್ಯಾಗಿನ ಹೆಲ್ಮೆಟ್

2014ರಲ್ಲಿ ನಾನು ಡಲ್ಲಾಸಿನ ಒಂದು ಆಸ್ಪತ್ರೆಯ ರಿಹ್ಯಾಬ್ ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ತಲೆಗೆ ಪೆಟ್ಟಾದವರ ಜೀವವನ್ನು ಬೇರೆಯವರು ಉಳಿಸಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ನಡೆಯುವುದು, ನುಂಗುವುದು, ಮನೆಯವರ ಹೆಸರು ನೆನಪಿಟ್ಟುಕೊಳ್ಳುವುದು, ಇವನ್ನೆಲ್ಲ ಮತ್ತೆ ಕಲಿಸುವುದು ನಮ್ಮ ಪಾಲಿನ ಕೆಲಸ. ಮಾರ್ಚ್ ಮುಗಿಯುವ ಹೊತ್ತಿಗೆ ಒಬ್ಬರಾದರೂ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಹೋಗಿ ಬಿದ್ದವರು ಬರುತ್ತಿದ್ದರು. ಟೆಕ್ಸಸ್‌ನಲ್ಲಿ ಹಿಮದ ಗುಡ್ಡಗಳಿಲ್ಲ. ಸ್ಪ್ರಿಂಗ್ ಬ್ರೇಕಿನ ಶಾಲಾ ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಕೊಲರಾಡೋವರೆಗೆ ಇಡೀ ದಿನ ಡ್ರೈವ್ ಮಾಡುವುದು ನಮ್ಮ ಕನ್ನಡದವರಿಗೂ ಅಭ್ಯಾಸವಾಗಿತ್ತು.

ಹೋಗುವುದು ವರ್ಷಕ್ಕೆ ಮೂರೇ ದಿನ. ಅದಕ್ಕೆಂದು ದಪ್ಪ ಜಾಕೆಟ್, ಗ್ಲೌಸ್ ಎಲ್ಲ ಕೊಂಡು ಆಮೇಲೆ ಕ್ಲಾಸೆಟ್ಟಿನಲ್ಲಿ ತುರುಕುವುದು ಯಾರಿಗೆ ಬೇಕು? ಹಾಗಾಗಿ ಡಲ್ಲಾಸ್ ಪಕ್ಕದ ಕಾಪೆಲ್‌ನ ನಮ್ಮ ಮನೆಯಿಂದ ಜಾಕೆಟ್, ಗ್ಲೌಸ್, ಹೆಲ್ಮೆಟ್ ತುಂಬಿದ ಒಂದು ದೊಡ್ಡ ನೀಲಿ ಬ್ಯಾಗ್ ಹೊರಟಿತ್ತು. ಅದು ದ ವುಡ್‌ಲ್ಯಾಂಡ್ಸ್‌ನ ಗೆಳೆಯರ ಮನೆಗೆ ಹೋಯಿತು, ಅಲ್ಲಿಂದ ಫ್ಲೂಗರ್‌ವಿಲ್‌ಗೆ, ಆಮೇಲೆ ಟೆಕ್ಸಸ್‌ನ ಇನ್ನೆಷ್ಟೋ ಊರುಗಳಲ್ಲಿ ನಮಗೆ ಗೊತ್ತೇ ಇಲ್ಲದ ಮನೆಗಳಿಗೆ. ಒಬ್ಬರು ಹಾಕಿದ್ದಕ್ಕೆ ಇನ್ನೊಬ್ಬರು ಏನಾದರೂ ಸೇರಿಸುತ್ತಿದ್ದರು. ನಮ್ಮ ಈ ವ್ಯವಸ್ಥೆಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಕನ್ನಡ ಕೂಟದಲ್ಲಿ ಸ್ಟೇಜ್ ಹತ್ತಿ, ಹೆಲ್ಮೆಟ್ ಇಲ್ಲದೆ ಹಿಮಕ್ಕೆ ಕಾಲಿಡಬೇಡಿ ಎಂದು ಭಾಷಣ ಮಾಡಿದವಳೂ ನಾನೇ.

ಆ ವರ್ಷ ಬಂದವರು ಶ್ರೀಕಾಂತ್. ಧಾರವಾಡದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು, ವೃತ್ತಿಯಲ್ಲಿ ಫಾರ್ಮಸಿಸ್ಟ್. ಇಳಿಜಾರಿನ ಅಂಚಿನ ಮರಕ್ಕೆ ತಲೆಯ ಎಡಭಾಗ ಬಡಿದಿತ್ತು. ಮಾತು ಸ್ಪಷ್ಟವಿತ್ತು, ನಡಿಗೆಯೂ ಸುಧಾರಿಸುತ್ತಿತ್ತು. ಆದರೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು, ನಾನು ಇಲ್ಲಿ ಯಾಕಿದ್ದೇನೆ ಎಂದು ಹೆಂಡತಿ ವೀಣಾ ಅವರನ್ನು ಕೇಳುತ್ತಿದ್ದರು. ಆಕೆ ಪ್ರತಿದಿನ ಮೊದಲಿಂದ ಹೇಳುತ್ತಿದ್ದರು. ನಾನು ರೌಂಡ್ಸ್‌ಗೆ ಹೋಗುವ ಹೊತ್ತೂ ಅದೇ.

"ಅಂಗಡ್ಯಾಗ ಹೊಸಾ ಹೆಲ್ಮೆಟ್ ಬಾಡಗಿಗೆ ತಗೋತೀನಿ ಅಂದಿದ್ರಿ ನೀವು. ಲೈನ್ ಭಾಳ ಅದ, ಬ್ಯಾಗಿನಾಗ ಒಂದು ಅದಲ್ಲ, ಅದನ್ನ ಹಾಕ್ಕೋರಿ ಅಂದಾಕಿ ನಾನು. ನಂದು ತಪ್ಪಾತು."

ಅವರು ಹೆಂಡತಿಯ ಕೈ ಹಿಡಿದು, ಹೋಗಲಿ ಬಿಡು ಎನ್ನುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ತಪ್ಪೊಪ್ಪಿಗೆ.

ಒಂದು ಸೋಮವಾರ ವೀಣಾ ಆ ಹೆಲ್ಮೆಟ್ ತಂದು ನನ್ನ ಮೇಜಿನ ಮೇಲಿಟ್ಟರು. ಇದನ್ನು ಹಾಕಿಕೊಂಡಿದ್ದರೂ ಹೀಗೆ ಯಾಕಾಯಿತು ಎಂಬುದು ಆಕೆಯ ಪ್ರಶ್ನೆ. ಪಾಪ, ಯಾರೋ ಪುಣ್ಯಾತ್ಮರು ಕೊಟ್ಟದ್ದು ಎಂದೂ ಹೇಳಿದರು. ತಿರುಗಿಸಿ ನೋಡಿದೆ. ಒಳಗೆ ಥರ್ಮೋಕೋಲ್‌ನಂಥ ಗಟ್ಟಿ ಪದರ ಎಡಗಡೆ ಒಡೆದಿತ್ತು. ಹೊಸ ಬಿರುಕು ಬೆಳ್ಳಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಬಿರುಕು, ಧೂಳು ಕೂತು ಕಪ್ಪಾದದ್ದು. ಹಿಂಬದಿಯಲ್ಲಿ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಕನ್ನಡದಲ್ಲಿ 'ನಿಖಿಲ' ಎಂದಿತ್ತು. ಅದು ನನ್ನ ಕೈಬರಹ.

ನಿಖಿಲ ನನ್ನ ಮಗ. ಅವನಿಗೆ ಕನ್ನಡ ಓದಲು ಬರದಿದ್ದರೂ ಬೇರೆಯವರದರ ಜೊತೆ ಅದಲು ಬದಲಾಗದಿರಲಿ ಎಂದು ಹಾಗೆ ಬರೆದಿದ್ದೆ. ಮೂರು ವರ್ಷದ ಹಿಂದೆ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಅದೇ ಹೆಲ್ಮೆಟ್ ಹಾಕಿಕೊಂಡು ಅವನೂ ಮರಕ್ಕೆ ಗುದ್ದಿ ನಗುತ್ತಾ ಎದ್ದಿದ್ದ. ನಾನು ಟಾರ್ಚ್ ಬಿಟ್ಟು ಅವನ ಕಣ್ಣು ನೋಡಿದೆ, ನೆನಪು ಪರೀಕ್ಷಿಸಿದೆ, ರಾತ್ರಿ ಎರಡು ಸಲ ಎಬ್ಬಿಸಿದೆ. ಹೆಲ್ಮೆಟ್ಟನ್ನು ಮಾತ್ರ ಒರೆಸಿ ಬ್ಯಾಗಿಗೆ ಹಾಕಿದೆ. ಈಗ ಆ ಪಟ್ಟಿಯನ್ನು ಉಗುರಿನಿಂದ ಎತ್ತಿದೆ. ಅಡಿಯಲ್ಲಿ ಕಂಪನಿಯ ಎಚ್ಚರಿಕೆಯ ಲೇಬಲ್ ಇತ್ತು: ಒಮ್ಮೆ ಬಲವಾದ ಪೆಟ್ಟು ಬಿದ್ದರೆ ಮತ್ತೆ ಬಳಸಬೇಡಿ. ಆ ಪದರ ತಾನು ನುಜ್ಜಾಗಿ ತಲೆಯನ್ನು ಉಳಿಸುತ್ತದೆ. ಒಂದು ಸಲ ನುಜ್ಜಾದ ಜಾಗ ಎರಡನೇ ಪೆಟ್ಟನ್ನು ಹೀರಿಕೊಳ್ಳಲಾರದು.

ಹೊಸ ಹೆಲ್ಮೆಟ್ ಇದ್ದಿದ್ದರೆ ಶ್ರೀಕಾಂತ್ ಅವರಿಗೆ ಹೀಗಾಗುತ್ತಿರಲಿಲ್ಲವೇ? ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಎಷ್ಟೋ ಪೆಟ್ಟುಗಳಿಗೆ ಒಳ್ಳೆಯ ಹೆಲ್ಮೆಟ್ಟೂ ಸಾಲದು. ಈ ಮಾತನ್ನೇ ವೀಣಾ ಅವರಿಗೆ ಹೇಳಿ, ಹೆಲ್ಮೆಟ್ ವಾಪಸ್ ಕೊಟ್ಟು ಕಳಿಸಿದೆ. ಅದು ನಮ್ಮ ಮನೆಯದೆಂದು ಹೇಳಲಿಲ್ಲ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ ರೌಂಡ್ಸ್‌ಗೆ ಹೋದೆ. ನಾಲ್ಕೂ ದಿನ ಬಾಗಿಲಲ್ಲಿ ನಿಂತು ಆಕೆಯ ತಪ್ಪೊಪ್ಪಿಗೆ ಕೇಳಿಸಿಕೊಂಡೆ, ಚಾರ್ಟ್ ಬರೆದೆ. ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಶುಕ್ರವಾರ ಮಧ್ಯಾಹ್ನ ಆಕೆಯನ್ನು ನನ್ನ ರೂಮಿಗೆ ಕರೆದೆ.

"ವೀಣಾ, ಆ ಹೆಲ್ಮೆಟ್ ನಮ್ಮನೇದು. ನನ್ನ ಮಗ ಅದನ್ನ ಹಾಕ್ಕೊಂಡು ಮರಕ್ಕೆ ಗುದ್ದಿದ್ದ. ಅದು ಗೊತ್ತಿದ್ದೂ ಬ್ಯಾಗಿಗೆ ಹಾಕಿದ್ದು ನಾನು. ನಿಮ್ಮ ತಪ್ಪಲ್ಲ."

ಆಕೆ ಅಳಲಿಲ್ಲ. ಬೆರಳು ಮಡಿಸಿ ದಿನ ಎಣಿಸಿದರು.

"ಅದನ್ನ ನೋಡಿದ್ದು ಸೋಮವಾರಲ್ರಿ ನೀವು? ನಾಕು ದಿನ ಮುಂಜಾನೆ ನಾ ಅವ್ರ ಮುಂದ ತಪ್ಪು ಒಪ್ಕೊಳ್ಳೋದನ್ನ ಕೇಳ್ಕೋತ ನಿಂತಿದ್ರಿ." ಎದ್ದು ನಿಂತರು. "ನಾಳಿಂದ ಬ್ಯಾರೆ ಡಾಕ್ಟರ್ ಬರ್ಲಿ."

ಸಂಜೆಯೇ ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ತಿಳಿಸಿ ಕೇಸನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ಬ್ಯಾಗ್ ಆಗಲೇ ಮುಂದಿನ ಮನೆ ಸೇರಿತ್ತು. ಅದರಲ್ಲಿ ಇನ್ನೂ ಎರಡು ಹೆಲ್ಮೆಟ್ ಇದ್ದವು, ಯಾರು ಹಾಕಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಫೋನ್ ಮಾಡಿ, ಹೋಗಿ ತಂದು, ಯಾರೂ ಮತ್ತೆ ಹಾಕಿಕೊಳ್ಳದಂತೆ ಗದ್ದದ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿದೆ. ಶ್ರೀಕಾಂತ್ ಮನೆಗೆ ಹೋದರು. ಫಾರ್ಮಸಿಗೆ ಮತ್ತೆ ಹೋಗಲಿಲ್ಲ. ಕೊಟ್ಟ ಮಾತ್ರೆ ನೆನಪಿರದವರು ಆ ಕೆಲಸ ಮಾಡುವಂತಿಲ್ಲ.

ಸ್ಕೀ ಮಾಡುವಾಗ ಹೆಲ್ಮೆಟ್ ಬೇಕೇ ಎಂದು ಇಂದಿಗೂ ಕೇಳುತ್ತಾರೆ. ಬೇಕು ಎನ್ನುತ್ತೇನೆ, ಅದಕ್ಕೆ ಹಿಂದೆ ಪೆಟ್ಟು ಬಿದ್ದಿದೆಯೇ ಎಂದು ಕೇಳಿ ಹಾಕಿಕೊಳ್ಳಿ ಎನ್ನುತ್ತೇನೆ. ಹಿಂದೆ ತಲೆಗೆ ಪೆಟ್ಟು ಬಿದ್ದಿದೆಯೇ ಎಂಬುದೇ ಪ್ರತಿ ರೋಗಿಯನ್ನೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯಾಗಿತ್ತು. ಕಲಿತ ಇನ್ನೊಂದು ಪಾಠವನ್ನು ಯಾರೂ ಕೇಳುವುದಿಲ್ಲ. ಹೆಲ್ಮೆಟ್ಟಿನ ತಪ್ಪು ಲಕ್ಷ್ಯವಿಲ್ಲದೆ ಆದದ್ದು. ಆ ನಾಲ್ಕು ಬೆಳಗಿನದು ತಿಳಿದೂ ತಿಳಿದೂ ಮಾಡಿದ್ದು. ಕೇಸು ಒಪ್ಪಿಸಿದ ಮರುದಿನ, ಶನಿವಾರ ಬೆಳಿಗ್ಗೆ ಆ ರೂಮಿನ ಮುಂದೆ ಹಾದುಹೋಗುವಾಗ ಶ್ರೀಕಾಂತ್ ಎಂದಿನಂತೆ ಕೇಳುತ್ತಿದ್ದರು. ಸ್ಕೀ ಮಾಡುವಾಗ ಬಿದ್ದಿರಿ, ತಲೆಗೆ ಪೆಟ್ಟಾಯಿತು ಎಂದಷ್ಟೇ ವೀಣಾ ಹೇಳಿದರು, ತನ್ನ ತಪ್ಪೆನ್ನಲಿಲ್ಲ. ನಾನು ಸೋಮವಾರವೇ ಬಾಯಿಬಿಟ್ಟಿದ್ದರೆ ಆ ಮಾತನ್ನು ಆಕೆ ಮಂಗಳವಾರವೇ ಹೇಳಬಹುದಿತ್ತು.